ಖರ್ಚಾಗದ ಪಗಾರ

ನಮ್ಮ ಕಡೆ ಯಾರಿಗಾದರೂ ನೌಕರಿ ಸಿಕ್ಕಿತು ಅಂದರೆ ಮೊದಲು ಬರುವ ಪ್ರಶ್ನೆ ಒಂದೇ: ‘ಪಗಾರ ಎಷ್ಟಂತ?’ ಏನು ಕೆಲಸ, ಯಾವ ಊರು, ಇವೆಲ್ಲ ಆಮೇಲೆ. ಹೀಗಾಗಿ ಹೋದ ವರ್ಷ ನಾವು ನಾಲ್ಕು ಜನ ಸೇರಿ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ಕ್ಲಬ್ಬಿನ ಮ್ಯಾನೇಜರ್ ಆದಾಗ ಮೆಸ್ಸಿನ ಅಣ್ಣ ಕೂಡ ಅದನ್ನೇ ಕೇಳಿದ. ಆದದ್ದು ಕಂಪ್ಯೂಟರ್ ಆಟದಲ್ಲಿ ಅಂತ ಹೇಳಿದ ಮೇಲೂ ಬಿಡಲಿಲ್ಲ. ‘ಆತು, ಆಟದಾಗರ ಎಷ್ಟ್ ಕೊಡ್ತಾರ ಹೇಳ್ರಪಾ.’

ನಾವು ನಾಲ್ಕು ಜನ ಅಂದರೆ ಒಂದು ರೂಮು, ಒಂದು ಜಿಲ್ಲೆ, ನಾಲ್ಕು ತಾಲೂಕು. ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ. ಹುಬ್ಬಳ್ಳಿಗೆ ಬಂದ ಮೊದಲನೇ ವಾರದಲ್ಲೇ ನಮ್ಮ ಹೆಸರುಗಳು ಹೋಗಿ ಊರುಗಳು ಉಳಿದವು. ‘ಏ ಹಾನಗಲ್ಲ, ಬಕೆಟ್ ಎಲ್ಲೈತಿಲೇ’ ಅಂದರೆ ಹಾನಗಲ್ಲಿನ ಹುಡುಗ ಓಡಿ ಬರುತ್ತಾನೆ. ಈ ಬರಹದಲ್ಲೂ ಹಾಗೇ ಕರೆದುಕೊಂಡಿದ್ದೇವೆ. ಯಾರು ಟೈಪ್ ಮಾಡಿದ್ದು ಅಂತ ಕೇಳಬೇಡಿ, ಒಂದೊಂದು ಪ್ಯಾರಾಕ್ಕೂ ಜಗಳ ಆಗಿದೆ.

ಆಟದ ಹೆಸರು ಫುಟ್‌ಬಾಲ್ ಮ್ಯಾನೇಜರ್ 2024. ನಾವು ಫಸ್ಟ್ ಸೆಮ್‌ಗೆ ಬಂದ ಹೊತ್ತಿಗೆ, 2024ರ ಸೆಪ್ಟೆಂಬರಿನಲ್ಲಿ, ಎಪಿಕ್ ಗೇಮ್ಸ್‌ನವರು ಅದನ್ನು ಒಂದು ವಾರ ಪುಕ್ಕಟೆ ಕೊಟ್ಟರು. ಪುಕ್ಕಟೆ ಅಂದ ಮೇಲೆ ಬಿಡುವುದುಂಟೇ? ಗ್ರಾಫಿಕ್ಸ್ ಕಾರ್ಡ್ ಇಲ್ಲದ, ಫ್ಯಾನು ಹಿಟ್ಟಿನ ಗಿರಣಿಯಂತೆ ಸದ್ದು ಮಾಡುವ ಶಿಗ್ಗಾಂವನ ಲ್ಯಾಪ್‌ಟಾಪಿನಲ್ಲೂ ಅದು ಓಡಿತು. ಅದರಲ್ಲಿ ಚೆಂಡು ಒದೆಯುವುದು ನಾವಲ್ಲ. ತಂಡ ಆರಿಸುವುದು, ಆಟಗಾರರನ್ನು ಕೊಳ್ಳುವುದು, ಮಾರುವುದು, ಪತ್ರಕರ್ತರ ಕಿರಿಕಿರಿಗೆ ಉತ್ತರ ಕೊಡುವುದು, ಸೋತರೆ ಆಡಳಿತ ಮಂಡಳಿ ಮುಂದೆ ತಲೆತಗ್ಗಿಸಿ ನಿಲ್ಲುವುದು. ಅರ್ಧ ಆಟ ಇನ್‌ಬಾಕ್ಸ್ ಓದುವುದೇ ಆಗಿರುತ್ತದೆ. ಪಾಲ್ ಮತ್ತು ಆಲಿವರ್ ಕೊಲ್ಯರ್ ಅನ್ನುವ ಇಂಗ್ಲೆಂಡಿನ ಅಣ್ಣತಮ್ಮಂದಿರು ಮನೆಯ ಕೋಣೆಯಲ್ಲಿ ಕೂತು ಬರೆದ ಚಾಂಪಿಯನ್‌ಶಿಪ್ ಮ್ಯಾನೇಜರ್ 1992ರಲ್ಲಿ ಬಂತು. ನಮ್ಮದು ಅದರದ್ದೇ ವಂಶ. ಭಾರತದ ಲೀಗೂ ಅದರೊಳಗಿದೆ. ನಮ್ಮ ಊರುಗಳಲ್ಲಿ ಕಬಡ್ಡಿ, ವಾಲಿಬಾಲ್, ಕ್ರಿಕೆಟ್ ಬಿಟ್ಟರೆ ಇನ್ನೇನೂ ನೋಡದೆ ಬೆಳೆದ ನಾವು ಫುಟ್‌ಬಾಲ್ ಕಲಿತದ್ದೇ ಈ ಆಟದಿಂದ.

ಆಟದಲ್ಲಿ ಮ್ಯಾನೇಜರಿಗೂ ಕರಾರು ಪತ್ರ ಇದೆ. ಇಷ್ಟು ವರ್ಷ, ವಾರಕ್ಕೆ ಇಷ್ಟು ಪಗಾರ. ಮೊದಲ ದಿನ ಆ ಅಂಕಿ ನೋಡಿ ಬಾಯಿ ಬಿಟ್ಟೆವು. ಪೌಂಡನ್ನು ನೂರಾಹತ್ತರಿಂದ ಗುಣಿಸಿ, ಬಂದದ್ದನ್ನು ನಾಲ್ಕರಿಂದ ಗುಣಿಸಿ ತಿಂಗಳ ಲೆಕ್ಕ ಮಾಡಿ, ಮತ್ತೆ ನಾಲ್ಕರಿಂದ ಭಾಗಿಸಿ ತಲಾ ಎಷ್ಟು ಅಂತ ನೋಡಿದೆವು. ತಲಾ ಬಂದದ್ದೇ ನಮ್ಮ ಯಾರ ಮನೆಯ ಆದಾಯಕ್ಕಿಂತಲೂ ಜಾಸ್ತಿ ಇತ್ತು. ಆ ರಾತ್ರಿ ಖುಷಿಗೆ ಗಿರ್ಮಿಟ್ ತಿಂದು ಬಂದೆವು. ಅದಕ್ಕೆ ಮಾತ್ರ ನಿಜವಾದ ರೊಕ್ಕ ಕೊಡಬೇಕಾಯಿತು.

ವಾರದ ಲೆಕ್ಕ ಯಾಕೆ ಅನ್ನುವುದು ಬಹಳ ದಿನ ಕಾಡಿತ್ತು. ನಮ್ಮಲ್ಲಿ ವಾರದ ಬಟವಾಡೆ ಅಂದರೆ ಗೌಂಡಿ ಕೆಲಸದವರಿಗೆ, ಹೊಲದ ಆಳುಗಳಿಗೆ. ಸಂತೆಯ ದಿನ ಕೊಡುವುದು. ಕೋಟಿ ಕೋಟಿ ಎಣಿಸುವ ಫುಟ್‌ಬಾಲಿಗೆ ಅದೇನು? ಓದಿದಾಗ ತಿಳಿಯಿತು, ಅಲ್ಲಿಯೂ ಅದು ಕೂಲಿಕಾರರ ಆಟವೇ ಆಗಿತ್ತು. 1961ರವರೆಗೂ ಇಂಗ್ಲೆಂಡಿನ ಆಟಗಾರನಿಗೆ ವಾರಕ್ಕೆ 20 ಪೌಂಡಿಗಿಂತ ಹೆಚ್ಚು ಕೊಡುವಂತಿರಲಿಲ್ಲ. ಆಟಗಾರರ ಸಂಘ ಮುಷ್ಕರದ ಬೆದರಿಕೆ ಹಾಕಿದ ಮೇಲೆ ಆ ಮಿತಿ ಹೋಯಿತು. ಮಿತಿ ಹೋಯಿತು, ವಾರ ಉಳಿಯಿತು.

ಇನ್ನು ಮುಖ್ಯ ವಿಷಯ. ಈ ಪಗಾರದಿಂದ ಆಟದಲ್ಲಿ ಏನು ಮಾಡಬಹುದು? ಏನೂ ಮಾಡಲಾಗುವುದಿಲ್ಲ. ಮನೆ ಕಟ್ಟಿಸಲು ಬರುವುದಿಲ್ಲ, ಗಾಡಿ ಕೊಳ್ಳಲು ಬರುವುದಿಲ್ಲ, ಊರಿಗೆ ಕಳಿಸಲು ಬರುವುದಿಲ್ಲ. ಒಂದು ಕಡೆಯಾದರೂ ಉಪಯೋಗಕ್ಕೆ ಬರಬಹುದಿತ್ತು: ಮ್ಯಾನೇಜರ್ ತನ್ನ ಕೋಚಿಂಗ್ ಲೈಸೆನ್ಸ್ ಕೋರ್ಸ್ ಮಾಡಬೇಕಾದಾಗ. ಅದಕ್ಕೂ ಆಡಳಿತ ಮಂಡಳಿಯನ್ನೇ ಕೇಳಬೇಕು, ಅವರು ಹೂಂ ಅಂದರೆ ಉಂಟು, ಉಹೂಂ ಅಂದರೆ ಇಲ್ಲ. ‘ನಂದೇ ರೊಕ್ಕದಾಗ ಕಲೀತೀನಿ’ ಅನ್ನುವ ಬಟನ್ ಇಲ್ಲ. ವಾರಾ ವಾರಾ ಬರುವ ಹಣ ಒಂದು ಅಂಕಿಯಾಗಿ ಕೂತಿರುತ್ತದೆ, ಅಷ್ಟೇ.

ಏನೂ ಆಗದ ಆ ಅಂಕಿಗಾಗಿ ನಮ್ಮ ರೂಮಿನಲ್ಲಿ ನಡೆದಷ್ಟು ಜಗಳ ಬಾತ್‌ರೂಮಿಗಾಗಿಯೂ ನಡೆದಿಲ್ಲ.

ಮೊದಲ ಸೀಸನ್ ಮುಗಿದು ಹೊಸ ಕರಾರು ಬಂದಾಗ ಶುರುವಾಯಿತು. ನಮ್ಮ ನಿಯಮ, ಎಲ್ಲ ನಿರ್ಧಾರಕ್ಕೂ ಓಟು. ಹಾನಗಲ್ಲ ಅಂದ, ಎಷ್ಟು ಏರಿಸಲು ಬರುತ್ತದೋ ಅಷ್ಟು ಏರಿಸು. ಅವರ ಮನೆಯದು ಮಾವಿನ ತೋಟ. ‘ಕಡಿಮಿ ಕೇಳಿದ್ರ ಮಾಲು ಹುಳುಕು ಅಂತಾರ. ಮೊದಲ ಹತ್ತು ರೂಪಾಯಿ ಜಾಸ್ತೀನ ಹೇಳ್ಬೇಕು.’ ಆಪೂಸ್ ಮಾರುವವನ ಮಗ, ಅನುಭವದ ಮಾತು.

ಹಿರೇಕೆರೂರ ಒಪ್ಪಲಿಲ್ಲ. ಅವನ ಕಾಕಾ ಹೋರಿ ಕಟ್ಟಿದ್ದಾರೆ. ಹೋರಿ ಹಬ್ಬ ನೋಡದವರಿಗೆ: ದೀಪಾವಳಿ ಆದ ಮೇಲೆ ನಮ್ಮ ಜಿಲ್ಲೆಯಲ್ಲಿ ಹೋರಿಗೆ ಕೊಬ್ಬರಿ ಸರ, ಬಲೂನು, ರಿಬ್ಬನ್ನು ಕಟ್ಟಿ ಜನರ ನಡುವೆ ಬಿಡುತ್ತಾರೆ. ಹುಡುಗರು ಕೊಬ್ಬರಿ ಹರಿಯಲು ಮೇಲೆ ಬೀಳುತ್ತಾರೆ, ಯಾರ ಕೈಗೂ ಸಿಗದೆ ಓಡಿದ ಹೋರಿ ಗೆದ್ದಂತೆ. ವರ್ಷವಿಡೀ ಅದಕ್ಕೆ ಹುರುಳಿ, ಹತ್ತಿಕಾಳು, ಮೈ ತಿಕ್ಕುವುದು, ಈಜಿಸುವುದು. ‘ನಮ್ಮ ಕಾಕಾಗ ಪಗಾರ ಯಾರ್ ಕೊಡ್ತಾರಲೇ? ಹೋರಿ ಹೆಸರು ಕೂಗಿದ್ರ ಮುಗೀತು.’ ಅವನ ಪ್ರಕಾರ ಪಗಾರ ಸೊನ್ನೆ ಮಾಡಿಕೊಂಡು ಆ ರೊಕ್ಕ ತಂಡಕ್ಕೆ ಬಿಡಬೇಕು. ಒಂದು ಲೆಕ್ಕಕ್ಕೆ ಅವನು ಆಟವನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದ. ಅಲ್ಲಿ ನಿಜವಾಗಿ ಚಲಾವಣೆಯಲ್ಲಿರುವುದು ರೊಕ್ಕವಲ್ಲ, ಹೆಸರು. ರೆಪ್ಯುಟೇಶನ್ ಅಂತ ಒಂದಿದೆ. ಅದು ಏರಿದರೆ ದೊಡ್ಡ ಕ್ಲಬ್ಬು ಕರೆಯುತ್ತದೆ, ಆಟಗಾರರು ಮಾತು ಕೇಳುತ್ತಾರೆ. ಇಳಿದರೆ ಫೋನೂ ಎತ್ತುವುದಿಲ್ಲ.

ಶಿಗ್ಗಾಂವ ಲೆಕ್ಕದ ಮನುಷ್ಯ. ‘ಸುಮ್ನ ಬಾಯಿ ಮಾಡಬ್ಯಾಡ್ರಿ, ಟೆಸ್ಟ್ ಮಾಡೂನು’ ಅಂದ. ಒಂದೇ ಸೇವ್ ಫೈಲನ್ನು ಎರಡು ಮಾಡಿ, ಒಂದರಲ್ಲಿ ಪಗಾರ ಏರಿಸಿ, ಇನ್ನೊಂದರಲ್ಲಿ ಇಳಿಸಿ, ಎರಡನ್ನೂ ಒಂದೊಂದು ಸೀಸನ್ ಆಡಿದೆವು. ಇಂಟರ್ನಲ್ಸ್ ಹತ್ತಿರ ಇತ್ತು, ಅದು ಬೇರೆ ಮಾತು. ಜಾಸ್ತಿ ಪಗಾರದ ಸೀಸನ್ನಿನಲ್ಲಿ ನಾಲ್ಕನೇ ಸ್ಥಾನ, ಕಡಿಮೆ ಪಗಾರದ್ದರಲ್ಲಿ ಎರಡನೇ ಸ್ಥಾನ. ಹಿರೇಕೆರೂರ ಕುಣಿದಾಡಿದ. ಆದರೆ ಜಾಸ್ತಿ ಪಗಾರದ ಸೀಸನ್ನಿನಲ್ಲಿ ನಮ್ಮ ಗೋಲ್ ಹೊಡೆಯುವವನು ಮೂರು ತಿಂಗಳು ಕಾಲು ನೋವಿಂದ ಮಲಗಿದ್ದ. ಹೀಗಾಗಿ ಟೆಸ್ಟಿನಿಂದ ಏನೂ ಸಿದ್ಧವಾಗಲಿಲ್ಲ. ಲ್ಯಾಬಿನಲ್ಲಿ ಇಂಥ ರೀಡಿಂಗ್ ತೋರಿಸಿದರೆ ಮೇಡಮ್ಮು ರೆಕಾರ್ಡ್ ಬುಕ್ ವಾಪಸ್ ಎಸೆಯುತ್ತಾರೆ.

ಒಂದಂತೂ ಕಂಡಿತು: ನಮ್ಮ ಪಗಾರ ಎಷ್ಟು ಅಂತ ಆಟದ ಒಳಗಿನ ಒಬ್ಬ ಆಟಗಾರನೂ ಕೇಳುವುದಿಲ್ಲ. ನಿಜದಲ್ಲಿ ಹಾಗಲ್ಲ. ಮ್ಯಾಂಚೆಸ್ಟರ್ ಯುನೈಟೆಡ್‌ನ ಅಲೆಕ್ಸ್ ಫರ್ಗ್ಯುಸನ್ ನಿವೃತ್ತಿಯ ನಂತರ ಬರೆದ ‘ಲೀಡಿಂಗ್’ ಪುಸ್ತಕದಲ್ಲಿ ಈ ಮಾತು ಬರುತ್ತದೆ. 2010ರಲ್ಲಿ ವೇಯ್ನ್ ರೂನಿಗೆ ಹೊಸ ಕರಾರು ಆದಾಗ ತನಗಿಂತ ರೂನಿಗೆ ದುಪ್ಪಟ್ಟು ಪಗಾರ ಸರಿಯಲ್ಲ ಅಂತ ಅವರು ಮಾಲೀಕರ ಮುಂದೆ ಹೋದರು. ಯಾವ ಆಟಗಾರನಿಗೂ ಮ್ಯಾನೇಜರಿಗಿಂತ ಜಾಸ್ತಿ ಇರಕೂಡದು ಅಂತ ಒಪ್ಪಿಸಿಯೇ ಬಂದರು. ಆ ವಯಸ್ಸಿನಲ್ಲಿ ಅವರಿಗೆ ಉಣ್ಣಲು ಕಡಿಮೆ ಇತ್ತೇ? ಅದು ಯಾರ ಮಾತು ನಡೆಯಬೇಕು ಅನ್ನುವ ಪ್ರಶ್ನೆ. ಹಾನಗಲ್ಲ ಈ ಕತೆ ಸಿಕ್ಕ ದಿನ ಅದನ್ನು ನಮಗೆ ಮೂರು ಸಲ ಓದಿ ಹೇಳಿದ.

ಇಷ್ಟೆಲ್ಲದರ ನಡುವೆ ಸವಣೂರ ಪಗಾರದ ವಾದಕ್ಕೆ ಬರುತ್ತಲೇ ಇರಲಿಲ್ಲ. ಓಟು ಹಾಕು ಅಂದರೆ ‘ಯಾವುದರ ಹಾಕ್ಕೋರಿ’ ಅನ್ನುತ್ತಿದ್ದ. ಅವನಿಗೆ ಆಟದ ಮೇಲೆ ಅಷ್ಟು ಮನಸ್ಸಿಲ್ಲ ಅಂದುಕೊಂಡೆವು.

ಪಗಾರದ ಬಗ್ಗೆ ನಮ್ಮ ತಿಳಿವಳಿಕೆ ಬದಲಾದದ್ದು ನಮ್ಮ ಪಗಾರದಿಂದ ಅಲ್ಲ, ನಮ್ಮ ಕೈಕೆಳಗಿನವನ ಪಗಾರದಿಂದ. ಎರಡನೇ ಸೀಸನ್ನಿನಲ್ಲಿ ಸಾಲಾಗಿ ಐದು ಪಂದ್ಯ ಸೋತೆವು. ಸಿಟ್ಟು ಯಾರ ಮೇಲಾದರೂ ತೀರಬೇಕಲ್ಲ, ನಮ್ಮ ಸಹಾಯಕ ಕೋಚ್‌ನನ್ನು ತೆಗೆದುಹಾಕಲು ಹೊರಟೆವು. ಬಟನ್ ಒತ್ತಿದ ಕೂಡಲೇ ಆಟ ಹೇಳಿತು: ಇವರ ಕರಾರು ಇನ್ನೂ ಇದೆ, ಈಗ ತೆಗೆದರೆ ಇಷ್ಟು ಪರಿಹಾರ ಕೊಡಬೇಕು. ಆ ಮೊತ್ತ ನೋಡಿ ನಾವು ತಣ್ಣಗಾದೆವು. ಆ ರೊಕ್ಕದಲ್ಲಿ ಒಬ್ಬ ಡಿಫೆಂಡರ್ ಬರುತ್ತಿದ್ದ. ‘ಇರ್ಲಿ ಬಿಡಲೇ ಪಾಪ’ ಅಂತ ಹಾನಗಲ್ಲ ಅಂದ. ಪಾಪ ಅಂತೇನಲ್ಲ, ದುಬಾರಿ ಅಂತ. ಅವನು ಉಳಿದುಕೊಂಡ. ಆಮೇಲೆ ನಾಲ್ಕು ಪಂದ್ಯ ಗೆದ್ದೆವು, ಅವನ ಮೇಲೆ ನಮಗೆ ಪ್ರೀತಿಯೂ ಬಂತು.

ನಿಜವಾದ ಫುಟ್‌ಬಾಲಿನಲ್ಲಿ ಇದು ದೊಡ್ಡ ವ್ಯವಹಾರ. 2018ರ ಡಿಸೆಂಬರಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಜೋಸೆ ಮೊರಿನ್ಯೊ ಅವರನ್ನು ತೆಗೆದಾಗ ಅವರಿಗೂ ಅವರ ಜೊತೆಗಾರರಿಗೂ ಸೇರಿ 1 ಕೋಟಿ 96 ಲಕ್ಷ ಪೌಂಡ್ ಪರಿಹಾರ ಹೋಯಿತು. ನಮ್ಮ ದೇಶದ್ದೇ ಹೇಳುವುದಾದರೆ, ಭಾರತ ತಂಡದ ಕೋಚ್ ಆಗಿದ್ದ ಕ್ರೊಯೇಷಿಯಾದ ಇಗೋರ್ ಸ್ಟಿಮಾಚ್ ಅವರನ್ನು ಫೆಡರೇಶನ್ 2024ರ ಜೂನ್‌ನಲ್ಲಿ ತೆಗೆಯಿತು. ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಸೋತಿದ್ದಾಯಿತು. ಆದರೆ ಕರಾರು 2026ರವರೆಗೆ ಇತ್ತು. ಮೊದಲು ಮೂರು ತಿಂಗಳ ಪಗಾರ ಕೊಡುತ್ತೇವೆ ಅಂದರು, ಅವರು ಫಿಫಾಕ್ಕೆ ಹೋಗುತ್ತೇನೆ ಅಂದರು. ಕೊನೆಗೆ 4 ಲಕ್ಷ ಡಾಲರ್, ಅಂದರೆ ಮೂರು ಕೋಟಿ ರೂಪಾಯಿಗಿಂತ ಜಾಸ್ತಿ ಕೊಟ್ಟು ಮುಗಿಸಿದರು.

ಅದೇ ಫೆಡರೇಶನ್ನಿನ ಇನ್ನೊಂದು ಕತೆ ಹೇಳದಿದ್ದರೆ ನಮಗೆ ನಿದ್ದೆ ಬರುವುದಿಲ್ಲ. 2025ರ ಜುಲೈನಲ್ಲಿ ಹೊಸ ಕೋಚ್‌ಗಾಗಿ ಅರ್ಜಿ ಕರೆದಾಗ 170 ಅರ್ಜಿ ಬಂದವು. ಬಾರ್ಸಿಲೋನಾದ ಚಾವಿ ಹೆಸರಲ್ಲೂ ಒಂದು! ಅವರಿಗೆ ಕೊಡುವಷ್ಟು ಪಗಾರ ನಮ್ಮ ಹತ್ತಿರ ಇಲ್ಲ, ಅದಕ್ಕೇ ಬಿಟ್ಟೆವು ಅಂತ ಸುದ್ದಿಯೂ ಬಂತು. ಮರುದಿನ ನೋಡಿದರೆ ಅರ್ಜಿಯೇ ಖೋಟಾ. ಕಳಿಸಿದವನು ನಾನೇ ಅಂತ ಮುಂದೆ ಬಂದವನು ವೆಲ್ಲೂರಿನಲ್ಲಿ ಓದುವ, ಹತ್ತೊಂಬತ್ತು ವರ್ಷದ ಒಬ್ಬ ಹುಡುಗ ಅಂತ ಪೇಪರಿನಲ್ಲಿ ಓದಿದೆವು. ನಮ್ಮದೇ ವಯಸ್ಸು. ನಾವು ನಾಲ್ಕು ಜನ ಲ್ಯಾಪ್‌ಟಾಪ್ ಮುಂದೆ ಕೂತು ಸುಮ್ಮನೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹೊಟ್ಟೆಕಿಚ್ಚು ಅಂದರೆ ಅದು. ಆಗಸ್ಟ್ 1ಕ್ಕೆ ಖಾಲಿದ್ ಜಮೀಲ್ ಕೋಚ್ ಆದರು. ಹದಿಮೂರು ವರ್ಷದ ಮೇಲೆ ಆ ಜಾಗಕ್ಕೆ ಭಾರತದವರೇ ಬಂದದ್ದು.

ಅದಾಗಿ ಮೂರೇ ದಿನಕ್ಕೆ, 2025ರ ಆಗಸ್ಟ್ 4ರಂದು, ನಮ್ಮ ಕ್ಲಬ್ಬಿನ ಸುದ್ದಿ ಬಂತು. ನಮ್ಮ ಕ್ಲಬ್ಬು ಅಂದರೆ ನಿಜವಾದ ಬೆಂಗಳೂರು ಎಫ್‌ಸಿ. 2013ರಲ್ಲಿ ಹುಟ್ಟಿ ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದ, ಸುನಿಲ್ ಛೆಟ್ರಿ ಆಗ ಆಡುತ್ತಿದ್ದ ಕ್ಲಬ್ಬು. ಐಎಸ್‌ಎಲ್ ನಡೆಸುವ ಕಂಪನಿಗೂ ಫೆಡರೇಶನ್ನಿಗೂ ಇದ್ದ ಒಪ್ಪಂದ ಡಿಸೆಂಬರಿಗೆ ಮುಗಿಯುವುದಿತ್ತು, ಮುಂದೇನು ಅಂತ ತೀರ್ಮಾನ ಆಗಿರಲಿಲ್ಲ, ಲೀಗು ನಿಂತಿತ್ತು. ಲೀಗು ಯಾವಾಗ ಶುರು ಅಂತ ಗೊತ್ತಿಲ್ಲದ್ದರಿಂದ ಮುಖ್ಯ ತಂಡದ ಆಟಗಾರರ, ಸಿಬ್ಬಂದಿಯ ಪಗಾರವನ್ನು ಅನಿರ್ದಿಷ್ಟ ಕಾಲ ತಡೆಹಿಡಿದಿದ್ದೇವೆ ಅಂತ ಕ್ಲಬ್ಬು ಪ್ರಕಟಣೆ ಕೊಟ್ಟಿತು. ಮಕ್ಕಳ ತರಬೇತಿ ಮಾತ್ರ ನಡೆಯುತ್ತದೆ ಅಂದರು. ಕೋಚ್ ಜೆರಾರ್ಡ್ ಸರಗೋಸಾ ಆ ಸಿಬ್ಬಂದಿಯಲ್ಲಿ ಒಬ್ಬರು. ನಾವು ಆಟದಲ್ಲಿ ಕೂತಿದ್ದ ಕುರ್ಚಿ ಆಗ ಅವರದಾಗಿತ್ತು.

ಆ ಸಂಜೆ ಲ್ಯಾಪ್‌ಟಾಪ್ ತೆರೆದರೆ ಆಟದೊಳಗಿನ ಬೆಂಗಳೂರು ಎಫ್‌ಸಿ ಏನೂ ಆಗಿಲ್ಲವೆಂಬಂತೆ ನಡೆಯುತ್ತಿತ್ತು. ಲೀಗು ನಡೆಯುತ್ತಿತ್ತು, ಪಗಾರ ಬರುತ್ತಿತ್ತು. ಒಂದು ವಾರವೂ ತಪ್ಪಿಲ್ಲ ಅಂತ ಶಿಗ್ಗಾಂವ ನಕ್ಕ. ಆಗ ಸವಣೂರ ಅಂದ, ‘ಅದಕ್ಕ ಅದು ಆಟ.’

ಅವನು ಅಲ್ಲಿಗೇ ನಿಲ್ಲಿಸಲಿಲ್ಲ. ಒಂದು ವರ್ಷ ಒಂದೇ ರೂಮಿನಲ್ಲಿದ್ದೂ ನಮಗೆ ಗೊತ್ತಿರದಿದ್ದದ್ದನ್ನು ಆ ರಾತ್ರಿ ಹೇಳಿದ. ಅವನ ಅಪ್ಪ ಪಿಟಿ ಮಾಸ್ತರ ಅಂತಷ್ಟೇ ನಮಗೆ ಗೊತ್ತಿತ್ತು. ಒಂದು ಖಾಸಗಿ ಸಾಲಿಯಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದಾರೆ. ಕಬಡ್ಡಿ, ವಾಲಿಬಾಲ್, ಥ್ರೋಬಾಲ್, ಎಲ್ಲ ತಂಡಕ್ಕೂ ಅವರೇ ಕೋಚು, ಅವರೇ ಮ್ಯಾನೇಜರು. ತಾಲೂಕು ಮಟ್ಟಕ್ಕೆ ಮಕ್ಕಳನ್ನು ಕರೆದುಕೊಂಡು ಹೋದರೆ ಬಾಳೆಹಣ್ಣು ಹಂಚುವವರೂ ಅವರೇ. 2020ರ ಮಾರ್ಚಿನಲ್ಲಿ ಸಾಲಿಗಳು ಮುಚ್ಚಿದಾಗ ಅವರ ಪಗಾರ ನಿಂತಿತು. ಆನ್‌ಲೈನಿನಲ್ಲಿ ಗಣಿತ ಹೇಳಬಹುದು, ಕಬಡ್ಡಿ ಹೇಳುವುದು ಹೇಗೆ? ಎಂಟು ತಿಂಗಳು ಏನೂ ಇಲ್ಲ. ಗೋವಿನಜೋಳದ ರಾಶಿಗೆ ಹೋದರು. ಆಮೇಲೆ ಅರ್ಧ ಪಗಾರ, ಆಮೇಲೆ ಮುಕ್ಕಾಲು, ಇವತ್ತಿಗೂ ಎರಡು ಮೂರು ತಿಂಗಳು ಹಿಂದೆಯೇ. ಉಳಿದದ್ದು ‘ಕೊಡೂನು’ ಅನ್ನುವ ಮಾತಿನಲ್ಲಿದೆ.

ಅವರ ಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಪ್ರತಿ ತಿಂಗಳ ಕೊನೆಯ ಚೌಕದಲ್ಲಿ ಅಪ್ಪ ಬರಬೇಕಾದ ಪಗಾರ ಬರೆಯುತ್ತಾರೆ. ಬಂದರೆ ಸುತ್ತ ಒಂದು ಗೆರೆ. ವರ್ಷ ಮುಗಿದರೂ ಅವರ ಮನೆಯ ಕ್ಯಾಲೆಂಡರ್ ಹಾಲಿನ ಬೋಗುಣಿಯ ಕೆಳಗೆ ಹೋಗುವುದಿಲ್ಲ, ನೋಟುಬುಕ್ಕಿಗೆ ಕವರೂ ಆಗುವುದಿಲ್ಲ. 2020ರಿಂದ ಎಲ್ಲವೂ ಸುರುಳಿ ಸುತ್ತಿ ಟ್ರಂಕಿನಲ್ಲಿ ಇವೆ. ‘ನಮ್ಮ ಆಟದಾಗ ಬರೇ ಅಂಕಿ ಐತಿ ಅಂತೀರಲ್ಲ’ ಅಂದ ಸವಣೂರ, ‘ನಮ್ಮನ್ಯಾಗೂ ಬರೇ ಅಂಕೀನ ಐತಿ.’

ಹಾನಗಲ್ಲ ಎದ್ದು ಹೋಗಿ ಬಾಟಲಿಗೆ ನೀರು ತುಂಬಿಸಿಕೊಂಡು ಬಂದ. ಬಾಟಲಿ ಆಗಲೇ ತುಂಬಿತ್ತು.

(ಇದನ್ನು ಬರೆಯುವ ಮುಂಚೆ ಕಾಕಾ ಅವರನ್ನು ಕೇಳಿದ್ದೇವೆ. ‘ಬರೀರಿ, ಸಾಲಿ ಹೆಸರು ಹಾಕಬ್ಯಾಡ್ರಿ’ ಅಂದಿದ್ದಾರೆ.)

ಇಲ್ಲಿ ಒಂದು ಶಬ್ದದ ಮಾತು. ನಾವು ನಾಲ್ವರೂ ಇಂಗ್ಲಿಷ್ ಮೀಡಿಯಂ, ಕನ್ನಡ ಪೇಪರ್ ಓದಿದರೆ ಅರ್ಧ ಶಬ್ದ ಕೇಳಿಕೊಳ್ಳಬೇಕು. ಪಗಾರ ಮನೆಯ ಮಾತು. ಸಂಬಳ ಬೆಂಗಳೂರು ಕಡೆಯ ಮಾತು. ವೇತನ ಪೇಪರಿನಲ್ಲಿ ಬರುವುದು, ಅದರಲ್ಲೂ ಆಯೋಗದ ಜೊತೆ. ಕಾಕಾ ಅವರ ವೋಚರಿನಲ್ಲಿ ಇರುವುದು ಗೌರವಧನ. ಆ ಶಬ್ದ ಮೊದಲ ಸಲ ಕೇಳಿದಾಗ ಅದು ಪಗಾರಕ್ಕಿಂತ ದೊಡ್ಡದಿರಬೇಕು ಅಂದುಕೊಂಡಿದ್ದೆವು, ಗೌರವ ಬೇರೆ ಸೇರಿದೆಯಲ್ಲ ಅಂತ. ಪಗಾರ ಅಂತ ಬರೆದರೆ ಬಾಕಿ ಆಗುತ್ತದೆ, ಗೌರವಧನ ಅಂತ ಬರೆದರೆ ಕೊಟ್ಟಷ್ಟು ಕೊಟ್ಟಂತೆ. ಇದನ್ನು ಹೇಳಿಕೊಟ್ಟವನು ಸವಣೂರ.

ಆಗಸ್ಟ್ ಮೂರನೇ ವಾರ ಕಾಕಾ ಹುಬ್ಬಳ್ಳಿಗೆ ಬಂದರು. ತಾಲೂಕು ಕ್ರೀಡಾಕೂಟ ಹತ್ತಿರ ಬಂದಿತ್ತು, ದುರ್ಗದಬೈಲಿನಲ್ಲಿ ವಾಲಿಬಾಲ್ ನೆಟ್ಟು, ಎರಡು ಸೀಟಿ ಕೊಳ್ಳುವುದಿತ್ತು. ಹಾಗೇ ಹಾಸ್ಟೆಲಿಗೆ ಬಂದು ಖಾರದ ಪೊಟ್ಟಣ, ರೊಟ್ಟಿ, ಶೇಂಗಾ ಚಟ್ನಿ ಇಟ್ಟರು. ನಾವು ಲ್ಯಾಪ್‌ಟಾಪ್ ಮುಚ್ಚಲು ಹೋದೆವು. ‘ಇರ್ಲಿ ಇರ್ಲಿ, ಏನ್ ಮಾಡಾಕತ್ತೀರಿ ತೋರಸ್ರಿ’ ಅಂತ ಮಂಚದ ಮೇಲೆ ಕೂತರು.

ಆವತ್ತೇ ಆಟದಲ್ಲಿ ನಮ್ಮ ಕರಾರು ಮತ್ತೆ ಚರ್ಚೆಗೆ ಬಂದಿತ್ತು. ಮಂಡಳಿ ಒಂದು ವರ್ಷಕ್ಕೆ ಒಳ್ಳೆ ಪಗಾರ ಮುಂದಿಟ್ಟಿತ್ತು. ಶಿಗ್ಗಾಂವ ಎಲ್ಲ ವಿವರಿಸಿದ: ಇದು ಕ್ಲಬ್ಬು, ಇವರು ಮಂಡಳಿ, ನಾವು ಮ್ಯಾನೇಜರು. ಕಾಕಾ ಕೇಳಿದರು, ‘ಪಗಾರ ಎಷ್ಟು?’ ಹೇಳಿದ. ಅವರು ಬಾಯಿ ಬಿಡಲಿಲ್ಲ. ‘ತಿಂಗಳಾ ತಿಂಗಳಾ ಬರ್ತೈತಿ?’

‘ವಾರಾ ವಾರಾ, ಕಾಕಾ.’

‘ತಪ್ಪಂಗಿಲ್ಲ?’

‘ಇಲ್ರಿ.’

ಸ್ವಲ್ಪ ಹೊತ್ತು ಪರದೆ ನೋಡಿದರು. ಹಾನಗಲ್ಲ ತನ್ನ ವಾದ ಶುರು ಮಾಡಿದ, ಇನ್ನೂ ಏರಿಸಬೇಕು ಅಂತ. ಹಿರೇಕೆರೂರ ಇಳಿಸಬೇಕು ಅಂತ. ಕಾಕಾ ಇಬ್ಬರನ್ನೂ ಕೈ ಮಾಡಿ ನಿಲ್ಲಿಸಿದರು, ಮೈದಾನದಲ್ಲಿ ನಿಲ್ಲಿಸುವ ಹಾಗೆ. ‘ಅದೆಲ್ಲಾ ಬಿಡ್ರಪಾ. ಎಷ್ಟ್ ವರ್ಷಕ್ಕ ಅಂತ ಬರದಾರ?’

‘ಒಂದ್ ವರ್ಷರಿ.’

‘ಪಗಾರ ಇಳಸ್ರಿ, ವರ್ಷ ಏರಸ್ರಿ. ಮೊದಲ ವರ್ಷ ಬರಿಸ್ಕೋರಿ. ಎಷ್ಟ್ ಅನ್ನೂದು ಆಮ್ಯಾಲ.’

ಹಾನಗಲ್ಲ ಸುಮ್ಮನಿರುವ ಜಾತಿಯಲ್ಲ. ಕಾಕಾ, ರೊಕ್ಕ ಹೋಗ್ತೈತಲ್ರಿ ಅಂದ. ಅವರು ನಕ್ಕು ಹೇಳಿದರು: ಹತ್ತೊಂಬತ್ತು ವರ್ಷದ ಹಿಂದೆ ತಾವು ಸೇರುವಾಗ ಪಗಾರದ ಬಗ್ಗೆ ಒಂದು ತಾಸು ಜಗ್ಗಾಡಿದರಂತೆ, ಇನ್ನೂರು ರೂಪಾಯಿ ಜಾಸ್ತಿ ಮಾಡಿಸಿಕೊಂಡು ಗೆದ್ದೆ ಅಂತ ಮನೆಗೆ ಬಂದರಂತೆ. ನೇಮಕದ ಪತ್ರ ಕೇಳುವುದು ನೆನಪೇ ಆಗಲಿಲ್ಲ. ಇವತ್ತಿಗೂ ಅವರ ಹತ್ತಿರ ಪತ್ರ ಇಲ್ಲ. ‘ನಾಳೆ ಬರಬ್ಯಾಡ ಅಂದ್ರ, ನಾ ಅಲ್ಲಿ ಇದ್ದೆ ಅಂತ ಹೇಳಾಕ ಗ್ರೂಪ್ ಫೋಟೋ ಅಷ್ಟ ಅದಾವ.’ ಕಪ್ ಹಿಡಿದ ಮಕ್ಕಳ ಪಕ್ಕದಲ್ಲಿ, ಬಿಳಿ ಅಂಗಿ, ಕೊರಳಲ್ಲಿ ಸೀಟಿ. ಆ ಫೋಟೋಗಳನ್ನು ನಾವೂ ನೋಡಿದ್ದೇವೆ.

ಶಿಗ್ಗಾಂವ ಆಗ ಮಾತಾಡಿದ್ದು ನಮಗೆ ಅಚ್ಚರಿ. ಅವನ ಅಣ್ಣ ನಮ್ಮಂತೆಯೇ ಇಂಜಿನಿಯರಿಂಗ್ ಮುಗಿಸಿದವನು. ಅವನ ಹತ್ತಿರ ಪತ್ರ ಇತ್ತು, ಲೆಟರ್‌ಹೆಡ್ ಮೇಲೆ, ವರ್ಷಕ್ಕೆ ಇಷ್ಟು ಲಕ್ಷ ಅಂತ. ಅವನ ಕಾಲೇಜಿನ ಗೇಟಿನ ಮೇಲೆ ಅದೇ ಅಂಕಿ ಬ್ಯಾನರಿನಲ್ಲಿತ್ತು. ಕೆಲಸಕ್ಕೆ ಬಾ ಅಂತ ಕಂಪನಿ ಕರೆಯುವುದರೊಳಗೆ ಹದಿನಾಲ್ಕು ತಿಂಗಳು ಹೋಯಿತು. ಮನೆಗೆ ಬಂದವರೆಲ್ಲ ಪ್ಯಾಕೇಜ್ ಎಷ್ಟು ಅಂತ ಕೇಳುತ್ತಿದ್ದರು, ಅವನು ಹೇಳುತ್ತಿದ್ದ, ಅವರು ಖುಷಿಪಟ್ಟು ಚಹಾ ಕುಡಿದು ಹೋಗುತ್ತಿದ್ದರು. ಕಾಕಾ ಕೇಳಿ, ‘ಪತ್ರದಾಗ ತಾರೀಖ ಇದ್ದಿಲ್ಲೇನು?’ ಅಂದರು. ಇರಲಿಲ್ಲವಂತೆ. ಅವರು ತಲೆ ಹಾಕಿದರು, ಒಬ್ಬ ಮಾಸ್ತರ ತಪ್ಪು ಉತ್ತರದ ಕೆಳಗೆ ಗೆರೆ ಎಳೆದ ಹಾಗೆ.

ಇಷ್ಟು ಹೊತ್ತಿಗೆ ಸವಣೂರ ಮೌಸ್ ತೆಗೆದುಕೊಂಡಿದ್ದ. ಒಂದು ವರ್ಷ ಇದ್ದದ್ದನ್ನು ನಾಲ್ಕು ಮಾಡಿದ, ಪಗಾರವನ್ನು ಮೂರನೇ ಒಂದು ಭ���ಗ ಇಳಿಸಿದ. ಮಂಡಳಿ ಒಪ್ಪಲಿಲ್ಲ. ಮೂರು ವರ್ಷ ಮಾಡಿದ. ಒಪ್ಪಿತು. ಓಟು ಕೇಳಲಿಲ್ಲ, ನಾವೂ ನೆನಪಿಸಲಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಮೆಸ್ಸಿನ ಅಣ್ಣನಿಗೆ ಏನು ಹೇಳುವುದು? ಆಟದಲ್ಲಿ ಮ್ಯಾನೇಜರಿನ ಪಗಾರ ಎಷ್ಟು ಅನ್ನುವುದಕ್ಕೆ ಬೆಲೆ ಇಲ್ಲ ಅನ್ನುವುದು ನಮ್ಮ ನಾಲ್ವರ ತೀರ್ಪು, ಹಾನಗಲ್ಲನ ಅರ್ಧ ಓಟು ಬಿಟ್ಟು. ಆದರೆ ಆ ಅಂಕಿಯ ಪಕ್ಕದಲ್ಲಿ ಒಂದು ತಾರೀಖು ಇರುತ್ತದಲ್ಲ, ಕರಾರು ಮುಗಿಯುವ ದಿನ, ಅದನ್ನು ನಾವು ಮೊದಲು ನೋಡುತ್ತಲೇ ಇರಲಿಲ್ಲ. ನಮ್ಮ ಸಹಾಯಕ ಕೋಚ್‌ನನ್ನು ಉಳಿಸಿದ್ದು ಆ ತಾರೀಖು. ಸ್ಟಿಮಾಚ್ ಕೈಗೆ 4 ಲಕ್ಷ ಡಾಲರ್ ಬರಿಸಿದ್ದೂ ಅದೇ. ತಾರೀಖು ದೂರ ಇದ್ದಷ್ಟೂ ಪಗಾರ ಗಟ್ಟಿ. ಬೆಂಗಳೂರು ಎಫ್‌ಸಿಯ ಕತೆ ಓದಿದ ಮೇಲೆ ಅದೂ ಪೂರ್ತಿ ನಿಜ ಅನ್ನುವ ಧೈರ್ಯ ಇಲ್ಲ. ಅಲ್ಲಿ ಎಲ್ಲರ ಹತ್ತಿರ ಕರಾರು ಇತ್ತು, ಆದರೂ ಪಗಾರ ನಿಂತಿತು. ಆದರೆ ಕರಾರು ಇದ್ದವರ ಪಗಾರ ನಿಂತರೆ ಅದು ಸುದ್ದಿ ಆಗುತ್ತದೆ. ಕಾಕಾ ಅವರದು ಕ್ಯಾಲೆಂಡರಿನಲ್ಲಿ ಉಳಿಯಿತು.

ಇಷ್ಟು ಬರೆಯುವ ಹೊತ್ತಿಗೆ ದೀಪಾವಳಿ ಮುಗಿದು ವಾಪಸ್ ಬಂದಿದ್ದೇವೆ. 2025ರ ಆ ದೀಪಾವಳಿ ಹೊತ್ತಿಗೂ ಲೀಗು ಶುರುವಾಗಿರಲಿಲ್ಲ. ಹಿರೇಕೆರೂರನ ಕಾಕಾನ ಹೋರಿಯ ಕೊಬ್ಬರಿಯನ್ನು ಎರಡನೇ ಸುತ್ತಿನಲ್ಲೇ ಯಾರೋ ಹರಿದರಂತೆ, ಅವನು ಎರಡು ದಿನ ಮಾತಾಡಲಿಲ್ಲ. ಫುಟ್‌ಬಾಲ್ ಮ್ಯಾನೇಜರ್ 2025 ಅನ್ನು ಕಂಪನಿಯವರೇ ರದ್ದು ಮಾಡಿದ್ದರು, 2026 ಅನ್ನುವುದು 2025ರ ನವೆಂಬರಿನಲ್ಲಿ ಬಂತು. ಅದು ಪುಕ್ಕಟೆ ಅಲ್ಲ, ಹೀಗಾಗಿ ನಾವು ಇನ್ನೂ 2024ರಲ್ಲೇ ಇದ್ದೇವೆ.

ಕಾಕಾ ಅವರ ಹುಡುಗಿಯರು ವಾಲಿಬಾಲಿನಲ್ಲಿ ತಾಲೂಕು ಗೆದ್ದು ಜಿಲ್ಲೆಗೆ ಹೋಗಿ ಸೋತು ಬಂದರು. ಅವರು ಮಂಡಳಿಯವರಿಗೆ ಪತ್ರ ಕೊಡಿ ಅಂತ ಕೇಳಿದರೋ ಇಲ್ಲವೋ, ಸವಣೂರ ಹೇಳಿಲ್ಲ. ಮೂರು ವರ್ಷದ ನಮ್ಮ ಕರಾರಿಗೆ ಮಂಡಳಿ ಒಪ್ಪಿದ ಆ ಪರದೆಯ ಫೋಟೋವನ್ನು ಅವನು ಅಪ್ಪನಿಗೆ ವಾಟ್ಸ್ಆಪ್ ಮಾಡಿದ್ದ. ಮರುದಿನ ಬೆಳಗ್ಗೆ, ಪಿಟಿ ಕ್ಲಾಸಿಗೆ ಮುಂಚೆ ಇರಬೇಕು, ಉತ್ತರ ಬಂತು: ‘ಇದರಾಗ ಶಿಕ್ಕಾ ಎಲ್ಲೈತಿ?’